ಎರಡನೆಯ ದನಿ

ಫೆಬ್ರವರಿ 8, 1971. ಸೋಮವಾರ

ಮತ್ತೆ ಕಾಲರ್ ಹೊಲಿಯುವುದೇ. ಶರ್ಟಿನ ಫ್ಯಾಕ್ಟರಿ ಸೇರಿ ಹನ್ನೊಂದು ವರ್ಷ, ಇನ್ನೂ ಕಾಲರ್ ಬಿಟ್ಟು ತೋಳಿಗೆ ಬಂದಿಲ್ಲ. ಪರವಾಗಿಲ್ಲ. ಯಂತ್ರಗಳ ಗದ್ದಲದಲ್ಲಿ ಎಷ್ಟು ಜೋರಾಗಿ ಹಾಡಿದರೂ ಯಾರಿಗೂ ಕೇಳಿಸದು. ಇವತ್ತು ಆರು ಹಾಡು ಪೂರ್ತಿ ಹೇಳಿಕೊಂಡೆ. ಹಾಡು ರೆಕಾರ್ಡು ಮಾಡಿಸಲು ನ್ಯಾಶ್‌ವಿಲ್‌ಗೆ ಹೊರಡಲು ಇನ್ನು ಎರಡು ವಾರ. ಮೂವತ್ತಾರನೇ ವಯಸ್ಸಿಗೆ ಮೊದಲ ಆಲ್ಬಮ್. ಆರ್ಡಿತ್ ಕೂಂಟ್ಸ್ — ನನ್ನದೇ ಹೆಸರು, ಬರೆದು ನೋಡಿದರೆ ಬೇರೆ ಯಾರದೋ ಹೆಸರಿನಂತಿದೆ.

ಸಂಜೆ ಅಕ್ಕ ವರ್ನೆಲ್ ಬಂದಿದ್ದಳು, ಒಂದು ಪಾತ್ರೆ ಬೀನ್ಸ್ ಹಿಡಿದು. ಆಲ್ಬಮ್ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕೋಳಿಗಳ ವಿಷಯ ಮಾತಾಡಿದೆವು.

ಫೆಬ್ರವರಿ 14. ಭಾನುವಾರ

ಚರ್ಚಿನಲ್ಲಿ ಎಂದಿನಂತೆ ಇಬ್ಬರೂ ಹಾಡಿದೆವು. ಅಕ್ಕನದು ಮೇಲಿನ ದನಿ, ಅಂದರೆ ಹಾಡಿನ ರಾಗವೇ. ನನ್ನದು ಅದರ ಅಡಿಗೆ ಸೇರುವ ಎರಡನೆಯ ದನಿ. ಐದು ವರ್ಷದವಳಿದ್ದಾಗಿನಿಂದ ಹೀಗೇ. ರೇಡಿಯೋದಲ್ಲೂ ಹೀಗೇ ಹಾಡಿದೆವು. ಹೋದ ಅಕ್ಟೋಬರ್‌ನಲ್ಲಿ ಆ ಕಾರ್ಯಕ್ರಮದ ಟೇಪು ಕೇಳಿ, ರೆಕಾರ್ಡು ತೆಗೆಯುವ ಹ್ಯಾಸ್ಕೆಲ್ ಬಂದರು. ಅಕ್ಕನ ಎದುರಿಗೇ ಕೇಳಿದರು, “ಕೆಳಗಡೆ ಹಾಡ್ತಿರೋದು ಯಾರು? ನನಗೆ ಅವರು ಬೇಕು.”

ಅಕ್ಕ ನನ್ನ ಬೆನ್ನು ತಳ್ಳಿದಳು. “ಇವಳೇ. ಹೊಟ್ಟೆ ತುಂಬ ಊಟ ಹಾಕಿ ಹಾಡಿಸಿ, ಹಸಿದ್ರೆ ಸ್ವರ ತಪ್ತಾಳೆ.”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಅಂದಿನಿಂದ ಆ ವಿಷಯ ಮಾತ್ರ ನಮ್ಮ ನಡುವೆ ಸುಳಿಯುವುದಿಲ್ಲ... ಅಲ್ಲಿ ಹೋಗಿ ಹಾಡಲಾಗದಿದ್ದರೆ ಎಂಬ ಭಯಕ್ಕಿಂತ ಇದೇ ಹೆಚ್ಚು ಚುಚ್ಚುತ್ತದೆ. ಅಕ್ಕನನ್ನು ಕಳೆದುಕೊಂಡು ಬರುವ ರೆಕಾರ್ಡು ನನಗೆ ಬೇಡ.

ಫೆಬ್ರವರಿ 23. ಮಂಗಳವಾರ, ನ್ಯಾಶ್‌ವಿಲ್, ಮಧ್ಯಾಹ್ನ 2

ಹತ್ತರಿಂದ ಒಂದು. ಮೂರೇ ಗಂಟೆಯಲ್ಲಿ ನಾಲ್ಕು ಹಾಡು! ಇಲ್ಲಿನ ವಾದ್ಯದವರು ಸ್ವರಲಿಪಿ ನೋಡುವವರೇ ಅಲ್ಲ. ಒಂದು ಸಲ ಕೇಳುತ್ತಾರೆ, ಚೀಟಿಯ ಮೇಲೆ ಸ್ವರಗಳ ಗುರುತಿಗೆ 1, 4, 5 ಎಂದು ಅಂಕಿ ಗೀಚುತ್ತಾರೆ, ನುಡಿಸಲು ಶುರು. ಹಾಡು ಬರೆದವರೇ ಟೇಪು ಕಳಿಸಿದ್ದರಿಂದ ನನಗೂ ತೊಡಕಾಗಲಿಲ್ಲ. ದನಿ ನಡುಗಲಿಲ್ಲ. ಬಹಳ ಸಂತೋಷವಾಗಿದೆ. ಯಾರಿಗೆ ಹೇಳಲಿ? ಹೇಳಬೇಕಾದವಳು ಊರಲ್ಲಿದ್ದಾಳೆ.

ಫೆಬ್ರವರಿ 25. ಗುರುವಾರ

ಹನ್ನೊಂದನೆಯದು ನನ್ನ ಹಟದ ಹಾಡು. ಅಮ್ಮ ಹಸು ಕರೆಯುತ್ತಾ ಕಟ್ಟಿದ್ದು, ‘ಲಾಟೀನು ತಗ್ಗಿಸು’. ಕಾಗದದಲ್ಲೂ ಇಲ್ಲ, ಟೇಪಿನಲ್ಲೂ ಇಲ್ಲ. ಅಮ್ಮ ಹೋದ ಮೇಲೆ ಅದನ್ನು ಬಲ್ಲವರು ಅಕ್ಕ, ನಾನು ಇಬ್ಬರೇ. ನಾನು ಹಾಡಿ ತೋರಿಸಿದೆ, ಅವರು ಅಂಕಿ ಗೀಚಿಕೊಂಡರು. ಸ್ಟೀಲ್ ಗಿಟಾರಿನ ಮುದುಕ ಟಿಲ್‌ಮನ್ ಮಾತ್ರ ಮೂರು ಸಲ ಹೇಳಿಸಿದ.

“ವಿಚಿತ್ರ ರಾಗ ಕಣಮ್ಮ. ತಾನಾಗಿ ನಿಲ್ಲಲ್ಲ, ಒರಗೋಕೆ ಗೋಡೆ ಹುಡುಕ್ತಾ ಇರತ್ತೆ.”

“ಅದಕ್ಕೇ ಚೆನ್ನಾಗಿದೆ, ಸುಮ್ನೆ ನುಡಿಸಯ್ಯ,” ಎಂದರು ಹ್ಯಾಸ್ಕೆಲ್.

ಎರಡನೇ ಟೇಕ್ ಓಕೆ. ಆಲ್ಬಮ್ ಮುಗಿಯಿತು.

ಮಾರ್ಚ್ 21. ಭಾನುವಾರ

ಅಂಗಡಿಗೆಂದು ಅಚ್ಚು ಹಾಕಿಸುವ ಮುಂಚಿನ ಮಾದರಿ ರೆಕಾರ್ಡು ಬಂತು. ಚರ್ಚ್ ಮುಗಿಸಿ ಎಲ್ಲರೂ ನಮ್ಮಲ್ಲಿ ಊಟಕ್ಕೆ. ನನ್ನ ಗಂಡ ಕ್ಲೋವಿಸ್‌ಗೆ ತಡೆಯಲಾಗಲಿಲ್ಲ, ಕೋಳಿ ಬಡಿಸುವ ಮುಂಚೆಯೇ ಹಾಕಿಬಿಟ್ಟ. ಹತ್ತು ಹಾಡಿಗೂ ಅಕ್ಕ ತಲೆ ಎತ್ತಲಿಲ್ಲ. ಹನ್ನೊಂದನೆಯದು ಶುರುವಾಯಿತು. ಅಕ್ಕ ಫೋರ್ಕ್ ಕೆಳಗಿಟ್ಟಳು. ಆಮೇಲೆ ನಗಲು ಶುರು ಮಾಡಿದಳು, ಕೆಮ್ಮು ಬರುವವರೆಗೂ.

“ಲೇ ಆರ್ಡಿ, ಹಾಡು ಎಲ್ಲೇ?”

“ಇದೇ ಅಲ್ವಾ?”

“ಇದು ನಿನ್ನ ಭಾಗ ಕಣೇ, ಎರಡನೇದು. ಮೇಲಿನ ರಾಗ ಎಲ್ಲಿ? ಊಟಕ್ಕೆ ಕರೆದು ಬರೀ ಉಪ್ಪಿನಕಾಯಿ ಬಡಿಸಿದೀಯಲ್ಲೇ.”

ಮೂವತ್ತೊಂದು ವರ್ಷ ಹಾಡಿದ ಹಾಡಿನ ರಾಗ ನನಗೆ ಗೊತ್ತಿಲ್ಲ! ಅವಳ ಭಾಗ ಹೇಳಲು ನೋಡಿದೆ. ಎರಡು ಸಾಲಿಗೇ ನಾಲಗೆ ಜಾರಿ ನನ್ನದಕ್ಕೇ ಬಂತು.

“ನನಗೇನೋ ಚೆನ್ನಾಗೇ ಕೇಳಿಸ್ತಪ್ಪ,” ಎಂದ ಕ್ಲೋವಿಸ್.

“ನಿನಗೆ ಟ್ರ್ಯಾಕ್ಟರ್ ಸದ್ದೂ ಚೆನ್ನಾಗೇ ಕೇಳ್ಸತ್ತೆ,” ಎಂದಳು ಅಕ್ಕ.

ಮಾರ್ಚ್ 22. ಸೋಮವಾರ

ಊಟದ ಬಿಡುವಿನಲ್ಲಿ ಹ್ಯಾಸ್ಕೆಲ್‌ಗೆ ಫೋನ್. ತಪ್ಪೊಪ್ಪಿಕೊಂಡೆ. ಅವರು ಅಂದರು, “ನಿಮ್ಮಕ್ಕನ್ನ ಕರ್ಕೊಂಡು ಬನ್ನಿ. ಮೇಲಿನ ದನಿ ಅವರು ಹಾಡ್ಲಿ, ಇದರ ಮೇಲೇ ಸೇರಿಸ್ತೀವಿ.”

ಫ್ಯಾಕ್ಟರಿ ಬಿಟ್ಟವಳೇ ಅಕ್ಕನ ಮನೆಗೆ ಓಡಿದೆ. ಎಲ್ಲ ಸರಿಹೋಗುತ್ತದೆ ಅನಿಸಿತು. ಅಕ್ಕ ಬಿಸ್ಕಿಟ್ಟಿನ ಹಿಟ್ಟು ನಾದುತ್ತಿದ್ದಳು.

“ಬರಲ್ಲ,” ಎಂದಳು.

“ಇನ್ನೂ ಸಿಟ್ಟಾ?”

“ಇತ್ತು. ಸುಳ್ಳು ಯಾಕೆ ಹೇಳ್ಲಿ, ನಿನ್ನೆ ಊಟಕ್ಕೆ ಕೂತಾಗಲೂ ಇತ್ತು. ಆ ಹಾಡು ಬಂತಲ್ಲ, ಆವಾಗ ಹೋಯ್ತು.”

“ನಗೆಪಾಟಲಾದೆ ಅಂತಾನಾ?”

“ಅದೂ ಸ್ವಲ್ಪ.” ಹಿಟ್ಟನ್ನು ತಿರುವಿ ಹಾಕಿದಳು. “ನನ್ನ ಜಾಗ ನೀನು ಹಿಡ್ಕೊಂಡೆ ಅಂದ್ಕೊಂಡಿದ್ದೆ ಕಣೇ. ನೋಡಿದ್ರೆ ಹಾಗೇ ಬಿಟ್ಟು ಬಂದಿದೀಯ. ಅಷ್ಟು ಸಾಕು ನನಗೆ. ರೆಕಾರ್ಡು ನಿಂದು, ಹಾಗೇ ಇರ್ಲಿ.”

ಅತ್ತುಬಿಟ್ಟೆ. ಹಿಟ್ಟಿನ ಕೈಯಲ್ಲೇ ನನ್ನ ಮುಖ ಒರೆಸಿದಳು, ಇನ್ನಷ್ಟು ಗಲೀಜಾಯಿತು. ಹ್ಯಾಸ್ಕೆಲ್‌ಗೆ ನಾಳೆ ಹೇಳುತ್ತೇನೆ. ಬದಲಾವಣೆ ಏನೂ ಇಲ್ಲ.

ಜೂನ್ 6. ಭಾನುವಾರ, ಸಂಜೆ 4, ಅಕ್ಕನ ಮನೆ

ಶುಕ್ರವಾರ ಆಲ್ಬಮ್ ಅಂಗಡಿಗೆ ಬಂತು. ಮುಖಪುಟದಲ್ಲಿ ನನ್ನ ಕೂದಲು ನನಗೇ ಗುರುತು ಸಿಗದಷ್ಟು ಎತ್ತರ. ಊಟವಾದ ಮೇಲೆ ಅಕ್ಕ ತಾನೇ ಸೂಜಿ ಇಟ್ಟಳು, ನೇರ ಕೊನೆಯ ಹಾಡಿಗೆ. ಬೆನ್ನು ತಿರುಗಿಸಿ ಪಾತ್ರೆ ತೊಳೆಯಲು ನಿಂತಳು. ಮೊದಲ ಸಾಲಿಗೇ ತನ್ನ ಭಾಗ ಎತ್ತಿದಳು.

ಅಭ್ಯಾಸಬಲ, ನಾನೂ ಬಾಯಿ ತೆರೆದೆ. ನನ್ನ ಭಾಗ ಆಗಲೇ ಪೆಟ್ಟಿಗೆಯಿಂದ ಬರುತ್ತಿತ್ತು. ನನಗೆ ಕೆಲಸವಿಲ್ಲ. ಸುಮ್ಮನೆ ಕೂತೆ.

ಇಷ್ಟು ವರ್ಷ ಅವಳ ಜೊತೆ ಹಾಡಿದ್ದೇನೆ, ಅವಳನ್ನು ಕೇಳಿರಲೇ ಇಲ್ಲ. ಕಿವಿ ತುಂಬ ನನ್ನ ದನಿಯೇ ಇರುತ್ತಿತ್ತು. ಎಷ್ಟು ಚೆನ್ನಾಗಿ ಹಾಡುತ್ತಾಳೆ. ಕೊನೆಯ ಸಾಲಿನಲ್ಲಿ ದನಿ ತುಸು ಒಡೆಯುತ್ತದೆ, ಅಮ್ಮನಿಗೆ ಒಡೆಯುತ್ತಿದ್ದಲ್ಲೇ. ನನಗೆ ಗೊತ್ತೇ ಇರಲಿಲ್ಲ.

ಹಾಡು ಮುಗಿಯಿತು. ಅವಳು ತಿರುಗಲಿಲ್ಲ. “ಇನ್ನೊಂದ್ಸಲ ಹಾಕೇ,” ಎಂದಳು. ಹಾಕಿದ್ದೇನೆ. ಸ್ಟೀಲ್ ಗಿಟಾರ್ ಬಂತು... ಉಳಿದದ್ದು ಆಮೇಲೆ ಬರೆಯುತ್ತೇನೆ, ಅವಳು ಈಗ ಹಾಡಲು —