ಎರಡು ಸಹಿ, ಒಂಬತ್ತು ದಿನ

ಪೆಟಾಲಿಂಗ್ ಜಯಾ, ಮಲೇಷ್ಯಾ
೧೨ ಮಾರ್ಚ್ ೨೦೨೫

ತಾಯಿ ಮಹಾಲಕ್ಷ್ಮಿಯವರಿಗೆ ರಾಧಾಕೃಷ್ಣನ ನಮಸ್ಕಾರಗಳು.

ಕ್ಷೇಮ ಕೇಳುವ ಧೈರ್ಯ ನನಗಿಲ್ಲ. ಒಂಬತ್ತು ದಿನ ನಿಮ್ಮ ಮಗ ಧನುಷ್‌ನನ್ನು ಶವಾಗಾರದಲ್ಲಿ ಬಿಟ್ಟು ಏನು ಮಾಡುತ್ತಿದ್ದಿರಿ ಎಂದು ಫೋನಿನಲ್ಲಿ ಕೇಳಿದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿದವನು. ಕೆಲವು ದೇಶಗಳಲ್ಲಿ ಜನರೇ ಆರಿಸಿದ ಅಧ್ಯಕ್ಷರೂ ಇರುತ್ತಾರೆ, ಸಂಸತ್ತಿನ ಬಲದ ಮೇಲೆ ನಿಂತ ಪ್ರಧಾನಿಯೂ ಇರುತ್ತಾರೆ. ಅಧಿಕಾರ ಒಬ್ಬರ ಕೈಸೇರಬಾರದೆಂದು ಹಂಚಿರುತ್ತಾರೆ. ನಮ್ಮ ಕನ್ನಡ ಸಂಘದ ನಿಯಮಾವಳಿಯನ್ನು ಅದೇ ಅಚ್ಚಿನಲ್ಲಿ ಬರೆದೆ, ಹೆಮ್ಮೆಯಿಂದಲೇ ಬರೆದೆ. ಅಧ್ಯಕ್ಷರನ್ನು ಎಲ್ಲ ಸದಸ್ಯರೂ ಆರಿಸುತ್ತಾರೆ, ಕಾರ್ಯದರ್ಶಿಯನ್ನು ಸಮಿತಿ. ಹೊರದೇಶದ ವ್ಯವಹಾರ ಅಧ್ಯಕ್ಷರದು, ಇಲ್ಲಿನ ದಿನನಿತ್ಯದ ಆಡಳಿತ ಕಾರ್ಯದರ್ಶಿಯದು. ಇಬ್ಬರೂ ಒಂದೇ ಗುಂಪಿನವರಾಗಿದ್ದಷ್ಟು ಕಾಲ ಅಧ್ಯಕ್ಷರು ಹೇಳಿದ್ದೇ ನಡೆಯಿತು. ನಿಯಮಾವಳಿ ಯಾರಿಗೂ ಬೇಕಾಗಲಿಲ್ಲ. ಕಳೆದ ವರ್ಷ ಅಧ್ಯಕ್ಷ ನಂಜುಂಡಪ್ಪನವರು ಒಂದು ಕಡೆ, ಸಮಿತಿ ಮತ್ತು ಕಾರ್ಯದರ್ಶಿ ಸುಮಂತ ಇನ್ನೊಂದು ಕಡೆ ಆದರು.

ಸೈಬರ್‌ಜಯಾದಲ್ಲಿ ಧನುಷ್ ಬೈಕಿನಿಂದ ಬಿದ್ದು ತೀರಿಕೊಂಡಾಗ, ಅವನ ದೇಹ ಪಡೆದು ಕಳುಹಿಸುವ ಹಕ್ಕನ್ನು ನೀವು ಸಂಘದ ಹೆಸರಿಗೆ ಬರೆದುಕೊಟ್ಟಿರಿ. ಸಂಘವೆಂದರೆ ಯಾರು? ದೇಹ ಭಾರತಕ್ಕೆ ಹೋಗುವುದರಿಂದ ಸಹಿ ತಮ್ಮದೇ ಎಂದರು ನಂಜುಂಡಪ್ಪನವರು. ಶವಾಗಾರ ಇರುವುದು ಇಲ್ಲಿ, ಅಧ್ಯಕ್ಷರಿಗೆ ಇದರಲ್ಲಿ ಕೆಲಸವಿಲ್ಲ ಎಂದ ಸುಮಂತ. ಇಬ್ಬರೂ ಬೇರೆ ಬೇರೆ ಪತ್ರ ಕೊಟ್ಟರು. ನೀವೇ ತೀರ್ಮಾನಿಸಿಕೊಂಡು ಬನ್ನಿ ಎಂದು ಶವಾಗಾರದ ಗುಮಾಸ್ತರು ಎರಡನ್ನೂ ಹಿಂದಿರುಗಿಸಿದರು. ದೇಹ ಕೆಡದಂತೆ ಔಷಧಿ ಹಾಕಿಸಲೂ ಆ ಸಹಿಯೇ ಬೇಕಿತ್ತು. ಒಂಬತ್ತನೆಯ ದಿನ ನೀವು ಫೋನಿನಲ್ಲಿ ಅತ್ತ ಮೇಲೆ ಸುಮಂತ ಬಿಟ್ಟುಕೊಟ್ಟ. ಅಷ್ಟರಲ್ಲಿ, ಪೆಟ್ಟಿಗೆ ತೆರೆಯಬೇಡಿ ಎಂದು ಮೇಲೆ ಬರೆಯಬೇಕಾಗಿ ಬಂದಿತ್ತು. ಮಗನ ಮುಖ ನಿಮಗೆ ಸಿಗಲಿಲ್ಲ.

ಧನುಷ್ ಭಾನುವಾರಗಳಂದು ಮಮಕ್ ಎಂಬ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಿಂದ ನನಗೆ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದ. "ಆರಿ ಹೋಗ್ತೈತ್ರೀ ಸರ್" ಎಂದು, ನಾನು ತಿಂದು ಮುಗಿಸುವವರೆಗೆ ಎದುರಿಗೇ ಕೂರುತ್ತಿದ್ದ. ಈಗ ಭಾನುವಾರ ಬಂದರೆ ಭಯವಾಗುತ್ತದೆ.

ನಿಮ್ಮ ಮಗನ ಕೈಯಿಂದ ತಿಂದವನು,
ರಾಧಾಕೃಷ್ಣ

ಮರೆಯದೆ ಬರೆಯಬೇಕಾದದ್ದು: ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದೆ. ನಿಯಮಾವಳಿಯ ಕೊನೆಯ ಪುಟದಲ್ಲಿ ಒಂದು ಸಾಲಿದೆ. ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಒಮ್ಮತವಾಗದಿದ್ದರೆ ಸ್ಥಾಪಕ ಸಲಹೆಗಾರರ ಮಾತೇ ಅಂತಿಮ. ಆ ಸಲಹೆಗಾರ ನಾನು. ಅವರಿಬ್ಬರೂ ಅದನ್ನು ಮರೆತಿದ್ದರು, ನಾನು ಮರೆತಿರಲಿಲ್ಲ. ಅವರಾಗಿಯೇ ಬಂದು ಕೇಳಲಿ ಎಂದು ಒಂಬತ್ತು ದಿನ ಮನೆಯಲ್ಲಿ ಕಾದು ಕುಳಿತಿದ್ದೆ.