ನಾನೇ ಒಡೆದ ಕುಡಿಕೆಗಳು

ಸೊಲ್ಲಾಪುರ
೧೨ ನವೆಂಬರ್ ೨೦೨೪

ಪ್ರೀತಿಯ ಅವ್ವನಿಗೆ ದೀಪಾಲಿಯ ಶರಣು.

ಫೋನು ಇರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ದೀಪಾವಳಿಗೆ ಬರಲಿಲ್ಲ, ನೆಟ್ಟಗೆ ನಾಲ್ಕು ಮಾತೂ ಆಡಲಿಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನೊಡನೆ ಮಾತಾಡುವಾಗೆಲ್ಲ ನಿನ್ನ ಅಳಿಯ ಯೋಗಿರಾಜ ಸ್ಪೀಕರ್ ಹಾಕಿಸಿ ಎದುರಿಗೇ ಕೂತಿರುತ್ತಾರೆ. ನನ್ನ ಮೆಸೇಜುಗಳನ್ನೂ ಓದುತ್ತಾರೆ. ಆದರೆ ಅವರು ಕಲಿತದ್ದು ಮರಾಠಿ ಸಾಲೆಯಲ್ಲಿ. ಮನೆಯಲ್ಲಿ ಕನ್ನಡ ಆಡಿದರೂ ಒಂದಕ್ಷರ ಓದಲು ಬರುವುದಿಲ್ಲ. ಕರಜಗಿಯಲ್ಲಿ ನೀನು ನನ್ನನ್ನು ಕನ್ನಡ ಸಾಲೆಗೆ ಹಾಕಿದ್ದು ಇವತ್ತು ಕೆಲಸಕ್ಕೆ ಬಂತು. ಬರೆಯುವ ರೂಢಿ ತಪ್ಪಿದೆ, ಒತ್ತಕ್ಷರ ತಪ್ಪಿದ್ದರೆ ಹೊಂದಿಸಿಕೊಂಡು ಓದು.

ನಿನ್ನ ಮೊಮ್ಮಗಳು ಶ್ರೀಲೇಖಾಳನ್ನು ಸಾಲೆಗೆ ಬಿಟ್ಟು ನಂದಾತಾಯಿಯ ಮನೆಯೊಳಗೆ ನುಸುಳಿ ಕೂತಿದ್ದೇನೆ. ಬೀದಿಯಲ್ಲಿ ಸ್ಕೂಟರಿನ ಸದ್ದಾದರೆ ಪೆನ್ನು ನಿಲ್ಲುತ್ತದೆ. ಇದನ್ನು ಅಂಚೆಗೆ ಹಾಕುವವರೂ ನಂದಾತಾಯಿಯೇ. ಚಿತ್ರಕಲೆಯ ಶಿಕ್ಷಕಿಯಾಗಿದ್ದವರು, ನಿವೃತ್ತರಾದ ಮೇಲೆ ಅಂಗಳದಲ್ಲಿ ಕರೆಂಟಿನ ಚಕ್ರ, ಸಣ್ಣದೊಂದು ಭಟ್ಟಿ ಇಟ್ಟುಕೊಂಡು ಹವ್ಯಾಸವಿದ್ದ ಹೆಂಗಸರಿಗೆ ಮಣ್ಣಿನ ಕೆಲಸ ಕಲಿಸುತ್ತಾರೆ. ಬೇಸಿಗೆಯಲ್ಲಿ ನಾನು ಸೇರಿದಾಗ ಮಣ್ಣು ಚಕ್ರದ ನಡುವೆ ನಿಲ್ಲುತ್ತಲೇ ಇರಲಿಲ್ಲ, ಒಂದು ಮಗ್ಗುಲಿಗೆ ಎಳೆದುಕೊಂಡು ಹೋಗುತ್ತಿತ್ತು. "ಮೊಣಕೈ ತೊಡಿಗಿ ಒತ್ತಿ ಹಿಡಿ ದೀಪಾ. ಮದ್ಲ ಉಸರ ಬಿಡವಾ," ಎಂದರು. ನಾನು ಉಸಿರು ಬಿಗಿಹಿಡಿದೇ ಕೂರುತ್ತೇನೆ ಎಂಬುದು ಆಗ ನನಗೆ ತಿಳಿಯಿತು.

ಆಮೇಲೆ ಕೈ ಕೂಡಿತು ಅವ್ವಾ. ಕುಡಿಕೆಗಳು ಅರ್ಧ ಆರಿದಾಗ ಮೇಲೆ ಬಿಳಿ ಮಣ್ಣಿನ ನೀರು ಬಳಿದು, ಸೂಜಿಯಿಂದ ಕೆರೆದು ಜೋಳದ ತೆನೆ, ಗುಬ್ಬಿ ಬಿಡಿಸುತ್ತಿದ್ದೆ. ಕೆರೆದ ಕಡೆ ಒಳಗಿನ ಕೆಂಪು ಕಾಣುತ್ತದೆ. ಆ ಹೊತ್ತಿನಲ್ಲಿ ನನಗೆ ಯಾರ ನೆನಪೂ ಆಗುತ್ತಿರಲಿಲ್ಲ. ಮೊದಮೊದಲು ಇವರಿಗೂ ಖುಷಿಯಿತ್ತು, ಆಫೀಸಿನವರಿಗೆ ಫೋಟೊ ತೋರಿಸುತ್ತಿದ್ದರು.

ದೀಪಾವಳಿಗೆ ಮುಂಚೆ ನಂದಾತಾಯಿ ನಮ್ಮೆಲ್ಲರ ಪಾತ್ರೆಗಳ ಪ್ರದರ್ಶನ ಇಟ್ಟರು. ಯಾರೋ ಒಬ್ಬರು ನನ್ನ ಕುಡಿಕೆ ಎತ್ತಿ ಹಿಡಿದು, ಮಾಡಿದವರ ಹೆಸರೇನು ಎಂದು ಕೇಳಿದರು. ಇವರು ಮುಂದೆ ಬಂದು ನಕ್ಕರು. "ನಮ್ಮ ಮನಿಯಾಕಿ ಮಾಡ್ಯಾಳ್ರಿ," ಎಂದರು. ಮನೆಗೆ ಬಂದವರೇ ಎಲ್ಲ ಕುಡಿಕೆಗಳನ್ನೂ ಮಾಳಿಗೆಗೆ ಒಯ್ದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು.

"ಆ ಮನಷ್ಯಾ ಯಾರು?"

"ನನಗ ಗೊತ್ತಿಲ್ಲರಿ. ನೋಡಾಕ ಬಂದಿದ್ರು."

"ಗೊತ್ತಿಲ್ಲದವ್ರು ನಿನ್ನ ಹೆಸರು ಕೇಳತಾರು. ಛಲೋ ಆತು. ಈಗ ಒಂದೊಂದ ಎತ್ತಿ ಕೆಳಗ ಬಿಡು. ನಾ ಮುಟ್ಟಂಗಿಲ್ಲ. ನೀನಾ ಬಿಡು."

ದನಿ ಏರಿಸಲಿಲ್ಲ ಅವ್ವಾ. ದೇವರ ಮನೆಯಲ್ಲಿ ಮಾತಾಡಿದಂತೆ ಮಾತಾಡಿದರು. ನಾನು ಬಿಟ್ಟೆ. ಕೆಳಗಿನ ಮನೆಯವರು ಹೊರಗೆ ಬಂದು ಏನಾಯಿತೆಂದು ಕೇಳಿದಾಗ ಇವರು ಬಗ್ಗಿ, "ಕಚ್ಚಾ ಮಾಲು ರೀ, ಕೈ ಜಾರಿ ಬಿದ್ದಾವು," ಎಂದು ನಕ್ಕರು. ಅವರ ಮಾತಿಗಿಂತ ನನ್ನ ಕೈಗಳನ್ನು ನೋಡಿಯೇ ನನಗೆ ಹೆದರಿಕೆಯಾಯಿತು. ಒಂದು ಸಲವೂ ತಡೆಯದೆ ಎಲ್ಲವನ್ನೂ ಬಿಟ್ಟವು.

ಅದನ್ನೂ ನುಂಗಿಕೊಂಡು ಇರುತ್ತಿದ್ದೆನೋ ಏನೋ. ಹೋದ ವಾರ ಶ್ರೀಲೇಖಾ ಹಿಡಿ ಮಣ್ಣು ತಂದುಕೊಂಡು, ಬಾಲ್ಕನಿಯಲ್ಲಿ ಕೂತು ಹೆಬ್ಬೆರಳಿನಿಂದ ಒತ್ತಿ ಒಂದು ಬಟ್ಟಲು ಮಾಡಿದಳು. ಅಂಚಿಗೆ ಉಗುರಿನಿಂದ ನಕ್ಷೆ. ನಾಲಿಗೆ ಹೊರಗೆ ಹಾಕಿಕೊಂಡು ಎಷ್ಟು ಜೀವ ಕೊಟ್ಟು ಮಾಡುತ್ತಿದ್ದಳು ಅಂತೀ! ಕೆಳಗೆ ಸ್ಕೂಟರ್ ನಿಂತ ಸದ್ದಾಯಿತು. ಅವಳೇ ಬಟ್ಟಲನ್ನು ಎರಡು ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ ತುಳಸಿ ಕುಂಡಕ್ಕೆ ಹಾಕಿದಳು, ಕೈ ತೊಳೆದಳು, ಪುಸ್ತಕ ತೆರೆದು ಕೂತಳು. ಅವರು ಒಳಗೆ ಬಂದಾಗ ನಕ್ಕಳು. ಮಲಗಿಸುವಾಗ ಮೆಲ್ಲಗೆ ಕೇಳಿದೆ, "ಯಾಕ ಕೆಡಿಸಿದಿ ಬಾಳಾ?"

"ಪಪ್ಪಾ ಹೇಳೂದರಾಗ ನಾನಾ ಕೆಡಿಸಿದ್ರ ಛಲೋ ಅಲ್ಲ ಮಮ್ಮಿ?"

ಅವಳಿಗಿನ್ನೂ ಏಳು ವರ್ಷ ಅವ್ವಾ. ಇದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ನನ್ನನ್ನು ನೋಡಿ ಕಲಿತಿದ್ದಾಳೆ.

ಅದಕ್ಕೇ ಇಪ್ಪತ್ತೊಂದನೇ ತಾರೀಖು ಗುರುವಾರ ಅವಳನ್ನು ಕರೆದುಕೊಂಡು ಹೊರಡುತ್ತೇನೆ. ಅಕ್ಕಲಕೋಟೆಯಲ್ಲಿ ಸ್ವಾಮಿಗಳ ದರ್ಶನ ಮಾಡಿ ಬರುತ್ತೇವೆ ಎಂದು ಹೇಳಿದ್ದೇನೆ. ದರ್ಶನಕ್ಕೆ ಇವರು ಬೇಡ ಎನ್ನುವುದಿಲ್ಲ. ಕಾಯಿ ಕರ್ಪೂರದ ಚೀಲದಲ್ಲಿ ಹಿಡಿಸುವಷ್ಟು ಬಟ್ಟೆ ಮಾತ್ರ ತರುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಸಾಯಬಣ್ಣ ಅಣ್ಣನನ್ನು ಅಕ್ಕಲಕೋಟೆ ಸ್ಟ್ಯಾಂಡಿಗೆ ಕಳಿಸು. ಒಂದು ವೇಳೆ ಇವರೂ ರಜೆ ಹಾಕಿ ನಮ್ಮ ಸಂಗಡ ಬಂದರೆ, ಅಣ್ಣ ನಮ್ಮನ್ನು ನೋಡಿಯೂ ನೋಡದವನ ಹಾಗೆ ನಿಂತುಬಿಡಲಿ. ಹತ್ತಿರ ಬರಬಾರದು, ಕರೆಯಬಾರದು. ಆಗ ನಾವು ದರ್ಶನ ಮಾಡಿಕೊಂಡು ಇವರ ಜೊತೆಗೇ ತಿರುಗಿ ಹೋಗಬೇಕಾಗುತ್ತದೆ. ಮುಂದಿನದಕ್ಕೆ ನಂದಾತಾಯಿ ಒಬ್ಬ ವಕೀಲೆಯನ್ನು ಮಾತಾಡಿಸಿಟ್ಟಿದ್ದಾರೆ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ಅಣ್ಣನಿಗೆ ನಮಸ್ಕಾರ ಹೇಳು. ಗುರುವಾರದ ತನಕ ನಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟಿರು.

ನಿನ್ನ ಮಗಳು,
ದೀಪಾಲಿ

ತಾ.ಕ.: ಪಂಚಮಿಗೆ ಬಂದಾಗ ನಾನು ಒಲೆಯ ಮುಂದೆ ಕೂತು, "ನಾ ವಾಪಸ್ ಹೋಗಂಗಿಲ್ಲವಾ," ಎಂದಿದ್ದೆ. ನೀನು ತಲೆ ಸವರಿ, "ಸಿಟ್ಟಿನಾಗ ಅಂತಿ, ಸಂಸಾರದಾಗ ಇರೂದಾ ಇದು," ಎಂದೆ. ಹಿತ್ತಲಿಗೆ ಹೋಗಿ ನೀನೇ ಅವರಿಗೆ ಫೋನ್ ಮಾಡಿ ಕರೆಸಿದೆ. ಹೋಳಿಗೆ ಉಣಿಸಿ ನಮ್ಮನ್ನು ಕಳಿಸಿಕೊಟ್ಟೆ. ಮುಂದೆ ಒಂದು ದಿನ ವಿಡಿಯೊದಲ್ಲಿ ನನ್ನ ತೋಳು ನೋಡಿ ಕೇಳಿದಾಗ ಭಟ್ಟಿ ತಾಗಿತು ಎಂದೆ. ಭಟ್ಟಿ ತಣ್ಣಗಾಗುವ ತನಕ ನಂದಾತಾಯಿ ಅದರ ಹತ್ತಿರಕ್ಕೂ ನಮ್ಮನ್ನು ಬಿಡುವುದಿಲ್ಲ. ಅದು ಇಸ್ತ್ರಿ. ಕರಜಗಿಯಿಂದ ಮನೆ ಮುಟ್ಟಿದ ರಾತ್ರಿಯದು. ಈಗ ನನಗೆ ಅವರಿಗಿಂತ ನಿನ್ನ ಹೆದರಿಕೆಯೇ ಹೆಚ್ಚು. ಅವ್ವಾ, ಈ ಸಲ ಅವರಿಗೆ ಫೋನ್ ಮಾಡಬೇಡ.