ಮಣಿಕಟ್ಟಿನ ಮೇಲೆ ನಿಂತ ಕಡ್ಡಿ

ಗುರುವಾರ, ಮಧ್ಯಾಹ್ನ
ಶಾಲೆಯ ಪ್ರಯೋಗಾಲಯದಿಂದ

ನನ್ನ ಪ್ರೀತಿಯ ಅಕ್ಕಾ,

ಕಾಗದ ನೋಡಿದ ಕೂಡಲೇ ಗಾಬರಿಯಾಗಬೇಡ, ಮೊದಲು ಕೂತುಕೋ. ನಿನ್ನೆ ಎರಡು ಸಲ ಫೋನ್ ಮಾಡಿ, ಭಾವನ ಕೆಮ್ಮು ಹೇಗಿದೆ ಎಂದಷ್ಟೇ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಬರೆದು, ನಿಮ್ಮೂರಿಗೆ ಬರುವ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೇನೆ, ಸಂಜೆಗೆ ಸಿಗುತ್ತದೆ. ನನಗೆ ತುಂಬಾ ಭಯವಾಗಿದೆ, ಅಕ್ಕಾ.

ನನ್ನ ಪಾಠದ ರೀತಿ ನಿನಗೆ ಗೊತ್ತಲ್ಲ, ಬೋರ್ಡಿಗಿಂತ ಮೇಜಿನ ಮೇಲೆಯೇ ಹೆಚ್ಚು. ನಿನ್ನೆ ಹೃದಯದ ಪಾಠಕ್ಕೆ ಜೇಡಿಮಣ್ಣಿನ ಪುಟ್ಟ ಉಂಡೆ ಮಾಡಿಸಿ, ಅದಕ್ಕೆ ಬೆಂಕಿಕಡ್ಡಿ ಚುಚ್ಚಿಸಿ, ಮಣಿಕಟ್ಟಿನ ನಾಡಿಯ ಮೇಲೆ ಕೂರಿಸಿದೆ. ಎದೆ ಬಡಿದಾಗಲೆಲ್ಲ ಕಡ್ಡಿ ತಲೆಯಾಡಿಸುತ್ತದೆ. ಮಕ್ಕಳ ಕುಣಿತ ಕೇಳಬೇಡ. ಒಬ್ಬನ ಕಡ್ಡಿ ಮಾತ್ರ ಅಲ್ಲಾಡಲೇ ಇಲ್ಲ. ಪಕ್ಕದವನು, "ಮಿಸ್, ಇವ್ನು ಹೋಗ್ಬಿಟ್ಟಿದಾನೆ, ಹಾಜರಿ ಹಾಕ್ಬೇಡಿ" ಎಂದ. ನಾನೂ ನಕ್ಕೆ. ಉಂಡೆಯನ್ನು ಹೆಬ್ಬೆರಳಿನ ಕಡೆಗೆ ಕೊಂಚ ಸರಿಸಿದ್ದೇ ತಡ, ಅವನೂ ಬದುಕಿದ.

ಆಮೇಲೆ ಎಲ್ಲರಿಗೂ ಕಾಣುವಂತೆ ಮುಂದಿನ ಮೇಜಿನ ಮೇಲೆ ಒಂದು ಕೈ ಇಡಬೇಕಿತ್ತು. ನನ್ನದೇ ಇಟ್ಟೆ. ಕಡ್ಡಿ ಮೂರು ಸಲ ಆಡಿತು, ನಿಂತಿತು. ಅವಸರಕ್ಕೆ ಬಿದ್ದಂತೆ ಎರಡು ಸಲ ಆಡಿತು, ಮತ್ತೆ ನಿಂತಿತು. ಮಣ್ಣು ಮೆತ್ತಗಾಗಿರಬೇಕೆಂದು ಬೇರೆ ಉಂಡೆ ಮಾಡಿದೆ. ಕಡ್ಡಿಯನ್ನೂ ಬದಲಿಸಿದೆ. ಅದೇ ಕಥೆ. "ಏನಂತ ಬರ್ಕೊಳ್ಳೋದು ಮಿಸ್?" ಎಂದು ಮಕ್ಕಳು ಕೇಳಿದರು. ಕಂಡದ್ದನ್ನೇ ಬರೆಯಿರಿ, ಇರಬೇಕಾದ್ದನ್ನಲ್ಲ ಎಂದು ವರ್ಷವಿಡೀ ಗಂಟಲು ಹರಿದುಕೊಳ್ಳುವವಳು ನಾನು. ಆದರೂ, "ಇದು ಲೆಕ್ಕಕ್ಕಿಲ್ಲ, ಮಣ್ಣು ಸರಿಯಿಲ್ಲ" ಎಂದುಬಿಟ್ಟೆ. ನೆನೆದರೆ ನಾಚಿಕೆಯಾಗುತ್ತದೆ.

ಅಪ್ಪ ಬೂಟಿನ ದಾರ ಕಟ್ಟಲು ಬಗ್ಗಿದವರು ಮೇಲೇಳಲಿಲ್ಲವಲ್ಲ, ಅದಕ್ಕೆ ಮುಂಚೆ ಏನು ಹೇಳುತ್ತಿದ್ದರು, ನೆನಪಿದೆಯಾ? "ಎದೆ ಆಗಾಗ ಒಂದು ಹೆಜ್ಜೆ ತಪ್ಪುತ್ತೆ ಕಣ್ರೇ" ಎನ್ನುತ್ತಿದ್ದರು. ಅವರೂ ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಆ ನಗು ನಿನ್ನೆಯಿಂದ ನನ್ನ ಕಿವಿ ಬಿಟ್ಟು ಹೋಗಿಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿದ್ದೆವು. ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಅಷ್ಟು ಹೊತ್ತು ಕೇಳಬಾರದಿತ್ತು. "ಹೆದರ್ಬೇಡಿ, ಸಣ್ಣದೇ ಇರಬಹುದು. ನಾಳೆ ಪರೀಕ್ಷೆ ಮಾಡ್ಬಿಡೋಣ, ಮನೆಯವ್ರು ಜೊತೇಲಿರ್ಲಿ" ಎಂದರು. ಅಲ್ಲಿಯವರೆಗೆ ಓಡುವುದು, ಮೆಟ್ಟಿಲು ಹತ್ತುವುದು ಬೇಡವಂತೆ. ನೀನು ನಾಳೆ ಮೊದಲ ಬಸ್ಸಿಗೇ ಬಾ.

ನಿನ್ನ ಮಗಳು ಗುಬ್ಬಿ ನನ್ನೆದುರಿಗೇ ಕೂತು ಬೆಂಕಿಕಡ್ಡಿಗಳನ್ನು ಡಬ್ಬಿಗೆ ತುಂಬುತ್ತಿದ್ದಾಳೆ. ಓದಲೆಂದು ನನ್ನ ಮನೆಗೆ ಕಳಿಸಿದ ಮಗುವನ್ನು ನಾನು ಒಂದು ದಿನವೂ ಅಸಡ್ಡೆ ಮಾಡಿಲ್ಲ. ಗೆಳತಿಯರೆಲ್ಲ ಮೈದಾನದಲ್ಲಿದ್ದಾರೆ. ಇವಳಿಗೆ ಮಾತ್ರ ಇವತ್ತು ಆಟ ಬೇಡ ಎಂದೆ.

ನಿನ್ನ ದಾರಿಯನ್ನೇ ನೋಡುತ್ತಿರುವ
ತಂಗಿ

ತಾ.ಕ.: ಸಹಿ ಹಾಕಿದ ಮೇಲಾದರೂ ನಿಜ ಬರೆಯುತ್ತೇನೆ. ಮೇಜಿನ ಮೇಲಿದ್ದದ್ದು ನನ್ನ ಕೈಯಲ್ಲ, ಅಕ್ಕಾ. ಗುಬ್ಬಿಯದು. ನಾನೇ ಅವಳನ್ನು ಮುಂದೆ ಕರೆದೆ. ಮನೆಯವರು ಎಂದು ಡಾಕ್ಟರು ಹೇಳಿದ್ದು ಅವಳ ಅಪ್ಪ ಅಮ್ಮನನ್ನು, ನಿಮ್ಮಿಬ್ಬರನ್ನು. ಮೇಲೆಲ್ಲ ನನ್ನ ಕೈ ಎಂದು ಬರೆದೆ, ಅವಳದು ಎಂದು ಬರೆಯಲು ನನಗೆ ಧೈರ್ಯ ಬರಲಿಲ್ಲ. ಈಗಷ್ಟೇ ತಲೆಯೆತ್ತಿ, "ಚಿಕ್ಕಮ್ಮಾ, ಮಣ್ಣು ಸರಿಯಾಗೇ ಇತ್ತು ಅಲ್ವಾ?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಎದ್ದು ಬಂದು ನನ್ನ ಎಡಗೈ ಹಿಡಿದುಕೊಂಡು ನಿಂತಿದ್ದಾಳೆ. ಅವಳ ಮಣಿಕಟ್ಟಿನ ಮೇಲೆ ಬೆರಳಿಡಲು ಹೆದರಿಕೆಯಾಗುತ್ತಿದೆ. ಬೇಗ ಬಾ.